ನನ್ನ ಟ್ರಂಕಿನಲ್ಲಿ ಬಾರದ ಹುಳ

ಜಯನಗರ ನಾಲ್ಕನೇ ‘ಟಿ’ ಬ್ಲಾಕಿನ ನಮ್ಮ ಮನೆಯ ಬಚ್ಚಲಲ್ಲಿ, ಗೀಸರಿನ ಹಿಂದಿನ ಮೂಲೆಯಲ್ಲಿ, ಒಬ್ಬ ಬಾಡಿಗೆದಾರನಿದ್ದಾನೆ. ಬಾಡಿಗೆ ಕೊಡುವುದಿಲ್ಲ, ಗಲಾಟೆಯನ್ನೂ ಮಾಡುವುದಿಲ್ಲ. ಕಡಲೆಕಾಳಿಗಿಂತ ಚಿಕ್ಕ ಮೈ, ಕೂದಲೆಳೆಯಂಥ ಎಂಟು ಕಾಲು. ಸದಾ ತಲೆಕೆಳಗಾಗಿ ನೇತಾಡುತ್ತಿರುತ್ತಾನೆ. ಉಫ್ ಎಂದು ಊದಿದರೆ ಗಿರಗಿರನೆ ಅಲ್ಲಾಡಿ ಕಣ್ಣಿಗೇ ಕಾಣದಂತಾಗುತ್ತಾನೆ. ಮನೆಯ ಮಕ್ಕಳಿಗೆಲ್ಲ ಅವನ ಪರಿಚಯ ಮಾಡಿಕೊಟ್ಟವಳು ನಾನೇ.

“1976ರಲ್ಲಿ ತೀರ್ಥಹಳ್ಳಿ ಕಡೆಯ ನಮ್ಮ ಹಳ್ಳಿಯಿಂದ ಮದುವೆಯಾಗಿ ಬರುವಾಗ ಇವನೂ ನನ್ನ ಹಸಿರು ಟ್ರಂಕಿನ ಮೂಲೆಯಲ್ಲಿ ಕೂತು ಬಂದ. ಬೆಂಗಳೂರಿನಲ್ಲಿ ಮಗಳಿಗೆ ಬೇಜಾರಾಗದಿರಲಿ ಅಂತ ನಮ್ಮಮ್ಮನೇ ಕಳಿಸಿದ್ದು” ಎಂದು ಮಕ್ಕಳಿಗೆ ಸ್ನಾನ ಮಾಡಿಸುವಾಗ ಹೇಳುತ್ತಿದ್ದೆ. ಹುಳ ಕಂಡು ಅಳುತ್ತಿದ್ದವರು ಕಥೆ ಕೇಳಿ ಸುಮ್ಮನಾಗುತ್ತಿದ್ದರು. ಮಕ್ಕಳಿಗೆ ಹೇಳಿದ್ದನ್ನೇ ಮೊಮ್ಮಗಳಿಗೂ ಹೇಳಿದೆ. ಹೇಳಿ ಹೇಳಿ, ಅದು ನಿಜವೇ ಇರಬೇಕೆಂದು ನನಗೂ ಅನ್ನಿಸತೊಡಗಿತ್ತು. ನಮ್ಮೂರ ಬಚ್ಚಲುಮನೆಯ ಗೋಡೆಯಲ್ಲೂ ಇಂಥದೇ ಉದ್ದಕಾಲಿನ ಹುಳಗಳಿದ್ದವಲ್ಲ! ‘ಕಾಲುದ್ದನ ಹುಳ’ ಎಂದು ನಮ್ಮ ಮನೆಯಲ್ಲಿ ಕರೆಯುತ್ತಿದ್ದೆವು.

ಕಳೆದ ಬೇಸಿಗೆ ರಜೆಗೆ ಮೊದಲು, ನಾಲ್ಕನೇ ತರಗತಿಯ ನನ್ನ ಮೊಮ್ಮಗಳು ಶಾಲೆಯಿಂದ ಬಂದವಳೇ ಬ್ಯಾಗನ್ನು ಸೋಫಾದ ಮೇಲೆ ಒಗೆದಳು. ಕಣ್ಣು ಕೆಂಪಗಿತ್ತು. ‘ನಮ್ಮ ಮನೆಯ ಪ್ರಾಣಿ’ ಎಂಬ ವಿಷಯದ ಮೇಲೆ ಎಲ್ಲರೂ ಎರಡೆರಡು ನಿಮಿಷ ಮಾತನಾಡಬೇಕಿತ್ತಂತೆ. ಇವಳು ಟ್ರಂಕಿನ ಕಥೆ ಹೇಳಿದ್ದಾಳೆ. ಪಕ್ಕದ ಬೆಂಚಿನ ಹುಡುಗನೊಬ್ಬ ಎದ್ದು, “ಅದು ಮನೆಜೇಡ, ಎಲ್ಲರ ಮನೆಯಲ್ಲೂ ಇರುತ್ತೆ. ಮಲೆನಾಡಿಂದು ಬೇರೆ, ಅದು ಜೇಡವೇ ಅಲ್ಲ. ನಮ್ಮಣ್ಣನ ಪುಸ್ತಕದಲ್ಲಿದೆ” ಎಂದನಂತೆ. ತರಗತಿಯೆಲ್ಲ ನಕ್ಕಿತಂತೆ.

“ಅಜ್ಜಿ, ನೀನು ಹೇಳಿದ್ದು ಸುಳ್ಳಾ?”

ಐವತ್ತು ವರ್ಷದ ಕಥೆಯನ್ನು ಒಂಬತ್ತು ವರ್ಷದ ಹುಡುಗಿ ಒಂದೇ ಪ್ರಶ್ನೆಯಲ್ಲಿ ನಿಲ್ಲಿಸಿಬಿಟ್ಟಳು. ನನಗೆ ಉತ್ತರ ಹೊಳೆಯಲಿಲ್ಲ. “ನೋಡೇ ಬಿಡೋಣ ಬಾ” ಎಂದೆ. ಅವಳ ತಾತನ ಭೂತಗನ್ನಡಿ ಹುಡುಕಿ, ಸ್ಟೂಲು ಹಾಕಿ, ಇಬ್ಬರೂ ಬಚ್ಚಲು ಸೇರಿದೆವು.

ಭೂತಗನ್ನಡಿ ಹೇಳಿದ್ದು

ಬಾಡಿಗೆದಾರ ಬಲೆ ಕಟ್ಟಿದ್ದ. ಅಂದವಿಲ್ಲದ, ಗೋಜಲು ಗೋಜಲಾದ ಬಲೆ. ಅದರಲ್ಲಿ ಎರಡು ಸೊಳ್ಳೆ ಒಣಗಿದ್ದವು. ಅವನ ಮೈ ಎರಡು ತುಂಡು: ಮುಂದೊಂದು ಗುಂಡಿ, ನಡುವೆ ಸಣ್ಣ ಸೊಂಟ, ಹಿಂದೊಂದು ಉದ್ದನೆಯ ಚೀಲ. ಸೊಂಟ ಇದ್ದರೆ, ನೂಲು ತೆಗೆದರೆ, ಅದು ಜೇಡವೇ. ಹುಡುಗ ಹೇಳಿದ್ದು ಸರಿ. ನಮ್ಮ ಬಚ್ಚಲಿನವನು ‘ಫೋಲ್ಸಿಡೇ’ ಎಂಬ ಕುಟುಂಬದ ಜೇಡ.

“ಹಾಗಾದ್ರೆ ನಿಮ್ಮೂರಿನದು ಹೇಗಿತ್ತು?”

ಕಣ್ಣು ಮುಚ್ಚಿ ನೆನಪು ಮಾಡಿಕೊಂಡೆ. ಕಲ್ಲಿನ ಗೋಡೆ, ಹಂಡೆ ಒಲೆಯ ಹೊಗೆ, ತೇವಕ್ಕೆ ಹಸಿರಾದ ಮೂಲೆ. ಅಲ್ಲಿ ಬಲೆ ಇರಲಿಲ್ಲ. ಒಂದೂ ಇರಲಿಲ್ಲ! ಕೊತ್ತಂಬರಿ ಬೀಜಕ್ಕೆ ಕಾಲು ಸಿಕ್ಕಿಸಿದ ಹಾಗೆ ಒಂದೇ ಉಂಡೆಯ ಮೈ. ಹಗಲೆಲ್ಲ ಹತ್ತಾರು ಸೇರಿ, ಕಾಲಿಗೆ ಕಾಲು ಹೆಣೆದು, ಕಪ್ಪು ಕೂದಲಿನ ಗಂಟಿನ ಹಾಗೆ ಅಂಟಿಕೊಂಡಿರುತ್ತಿದ್ದವು. ಹತ್ತಿರ ಹೋದರೆ ಇಡೀ ಗಂಟೇ ಮೇಲಕ್ಕೂ ಕೆಳಕ್ಕೂ ಜೀಕುತ್ತಿತ್ತು.

ಇಷ್ಟು ವರ್ಷ ಎರಡನ್ನೂ ಒಂದೇ ಎಂದುಕೊಂಡಿದ್ದೆ. ಕಾಲಿನ ಉದ್ದ ನೋಡಿದ್ದೆನೇ ಹೊರತು ಮೈ ನೋಡಿರಲಿಲ್ಲ.

ಆ ರಾತ್ರಿ ಮಗನ ಕಂಪ್ಯೂಟರಿನ ಮುಂದೆ ನಾವಿಬ್ಬರೂ ಕೂತು ಓದಿದೆವು. ಮಲೆನಾಡಿನದಕ್ಕೆ ಇಂಗ್ಲಿಷಿನಲ್ಲಿ ‘ಹಾರ್ವೆಸ್ಟ್‌ಮನ್’, ಅಂದರೆ ಸುಗ್ಗಿಯವನು, ಎಂದು ಹೆಸರು. ಯುರೋಪಿನಲ್ಲಿ ಬೆಳೆ ಕೊಯ್ಯುವ ಕಾಲಕ್ಕೆ ಹೊಲದಲ್ಲಿ ಹೆಚ್ಚಾಗಿ ಕಾಣುವುದರಿಂದ ಆ ಹೆಸರು ಬಂತಂತೆ. ವಿಜ್ಞಾನಿಗಳು ಈ ಇಡೀ ಗಣವನ್ನು ‘ಓಪಿಲಿಯೋನೆಸ್’ ಎನ್ನುತ್ತಾರೆ. ‘ಓಪಿಲಿಯೋ’ ಎಂದರೆ ಲ್ಯಾಟಿನ್ ಭಾಷೆಯಲ್ಲಿ ಕುರಿ ಕಾಯುವವನು. ಜೇಡ, ಚೇಳು, ಉಣ್ಣೆ, ನುಸಿ, ಸುಗ್ಗಿಯವನು ಎಲ್ಲ ಎಂಟು ಕಾಲಿನ ಒಂದೇ ದೊಡ್ಡ ಬಳಗ. ಆದರೆ ಬೇರೆ ಬೇರೆ ಮನೆ. ಜೇಡನೂ ಸುಗ್ಗಿಯವನೂ ಅಣ್ಣತಮ್ಮಂದಿರಲ್ಲ, ದೂರದ ದಾಯಾದಿಗಳು.

ಮಕ್ಕಳೇ, ಎರಡನ್ನೂ ಬೇರೆಬೇರೆಯಾಗಿ ಗುರುತಿಸುವುದು ಕಷ್ಟವೇನಲ್ಲ. ಜೇಡಕ್ಕೆ ಸೊಂಟವುಂಟು, ಸುಗ್ಗಿಯವನಿಗಿಲ್ಲ. ಜೇಡ ನೂಲು ತೆಗೆಯುತ್ತದೆ, ಸುಗ್ಗಿಯವನಿಗೆ ನೂಲೇ ಇಲ್ಲ. ಜೇಡಗಳಲ್ಲಿ ಹೆಚ್ಚಿನವಕ್ಕೆ ಎಂಟು ಕಣ್ಣು. ಸುಗ್ಗಿಯವರಲ್ಲಿ ಸಾಮಾನ್ಯವಾಗಿ ಎರಡೇ, ಅದೂ ಬೆನ್ನಿನ ಮೇಲೆ ಒಂದು ಪುಟ್ಟ ದಿಬ್ಬದಲ್ಲಿ ಆಚೆಗೊಂದು ಈಚೆಗೊಂದು. ಜೇಡ ಬೇಟೆಯನ್ನು ಕರಗಿಸಿ ಕುಡಿಯುತ್ತದೆ. ಸುಗ್ಗಿಯವನು ನಮ್ಮ ಹಾಗೆ ಚೂರು ಚೂರಾಗಿ ತಿನ್ನುತ್ತಾನೆ: ಪುಟ್ಟ ಹುಳ, ಸತ್ತ ಕೀಟ, ಅಣಬೆ, ಕೊಳೆತ ಹಣ್ಣು, ಏನು ಸಿಕ್ಕಿದರೂ ಸರಿ. ಇನ್ನು ವಿಷ? ಸುಗ್ಗಿಯವನಿಗೆ ವಿಷದ ಗ್ರಂಥಿಯೇ ಇಲ್ಲ. ತೊಂದರೆ ಕೊಟ್ಟರೆ ಮೈಯಿಂದ ಒಂದು ವಾಸನೆ ಬಿಡುತ್ತಾನೆ, ಅಷ್ಟೇ. “ಉದ್ದಕಾಲಿನದು ಜಗತ್ತಿನಲ್ಲೇ ಭಾರಿ ವಿಷದ್ದು, ಹಲ್ಲು ಚಿಕ್ಕದಾದ್ದರಿಂದ ಕಚ್ಚಲಾರದು” ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಸುಗ್ಗಿಯವನ ವಿಷಯದಲ್ಲೂ ಅದು ಸುಳ್ಳು, ಬಚ್ಚಲಿನ ಜೇಡದ ವಿಷಯದಲ್ಲೂ ಸುಳ್ಳು.

ಓದುತ್ತಾ ಹೋದಾಗ ನನಗೆ ಸಮಾಧಾನ ತಂದ ಒಂದು ಸಂಗತಿ ಸಿಕ್ಕಿತು. ಫೋಲ್ಸಿಡೇ ಕುಟುಂಬದ ಒಂದು ಜೇಡ ಪ್ರಪಂಚದ ಎಷ್ಟೋ ದೇಶಗಳ ಮನೆಗಳಲ್ಲಿದೆ. ಅದಕ್ಕೆ 1775ರಲ್ಲಿ ಸ್ವಿಟ್ಜರ್‌ಲ್ಯಾಂಡಿನ ಫ್ಯೂಸ್ಲಿ ಎಂಬ ವಿದ್ವಾಂಸ ‘ಫ್ಯಾಲಂಜಿಯಾಯ್ಡೀಸ್’ ಎಂದು ಹೆಸರಿಟ್ಟ. ಫ್ಯಾಲಂಜಿಯಮ್ ಎಂಬುದು ಸುಗ್ಗಿಯವನ ಒಂದು ಜಾತಿ. ಹಾಗಾಗಿ ಆ ಹೆಸರಿನ ಅರ್ಥ ‘ಸುಗ್ಗಿಯವನ ಥರ ಕಾಣುವ ಜೇಡ’. ಎರಡೂ ಒಂದೇ ಥರ ಕಾಣುತ್ತವೆ ಎಂದು ನನಗಿಂತ ಇನ್ನೂರು ವರ್ಷ ಮೊದಲೇ ಒಬ್ಬರಿಗೆ ಅನ್ನಿಸಿತ್ತು. ವ್ಯತ್ಯಾಸ ಇಷ್ಟೇ, ಅವರು ಸರಿಯಾಗಿ ನೋಡಿ ಬರೆದಿಟ್ಟರು. ನಾನು ಟ್ರಂಕಿನ ಕಥೆ ಕಟ್ಟಿದೆ.

“ನಿಜವಾದ ಕಾಲುದ್ದನ ಹುಳ ಬೆಂಗಳೂರಲ್ಲಿ ಇಲ್ವಾ ಅಜ್ಜಿ?”

“ಹುಡುಕೋಣ” ಎಂದೆ. ರಜೆ ಶುರುವಾಗಿತ್ತು.

ಲಾಲ್‌ಬಾಗಿನ ಬಂಡೆಯ ಮೇಲೆ

ಮೊದಲ ಭಾನುವಾರ ಸಿದ್ದಾಪುರ ಗೇಟಿನಿಂದ ಲಾಲ್‌ಬಾಗಿಗೆ ಹೋದೆವು. ಮರದ ಬುಡ, ಬೇರಿನ ಸಂದು, ಕಲ್ಲುಬೆಂಚಿನ ಅಡಿ, ಒಂದನ್ನೂ ಬಿಡಲಿಲ್ಲ. ವಾಕಿಂಗಿಗೆ ಬಂದ ಹಿರಿಯರೊಬ್ಬರು, “ಏನಮ್ಮ, ಕಿವಿಯೋಲೆ ಬಿದ್ದು ಹೋಯಿತೇ?” ಎಂದು ವಿಚಾರಿಸಿದರು. ಹುಳ ಹುಡುಕುತ್ತಿದ್ದೇವೆ ಎಂದಾಗ ಅವರೂ ಹತ್ತು ನಿಮಿಷ ಬಗ್ಗಿ ಹುಡುಕಿದರು. ಬಲೆಯ ನಡುವೆ ದಾರದಿಂದ ‘ಎಕ್ಸ್’ ಹಾಕಿ ಕೂತ ಸಹಿ ಜೇಡ ಕಂಡಿತು. ಬೇಲಿಯ ಮೇಲೆ ಡೇರೆ ಹೊಡೆದ ಹಾಗೆ ಬಲೆ ಕಟ್ಟಿದ ಇನ್ನೊಂದು ಜೇಡ ಕಂಡಿತು. ಸುಗ್ಗಿಯವನಿಲ್ಲ.

ಕಾಲು ನೋವೆಂದು ಕೆಂಪೇಗೌಡರ ಗೋಪುರವಿರುವ ಬಂಡೆಯ ಮೇಲೆ ಕೂತೆವು. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣ ಸಂಸ್ಥೆ ಈ ಬಂಡೆಯನ್ನು ರಾಷ್ಟ್ರೀಯ ಸ್ಮಾರಕವೆಂದು ಗುರುತಿಸಿದೆ. ವಯಸ್ಸು ಸುಮಾರು 300 ಕೋಟಿ ವರ್ಷ.

“ಸುಗ್ಗಿಯವನಿಗೆ ಎಷ್ಟು ವಯಸ್ಸು?” ಎಂದಳು ಮೊಮ್ಮಗಳು.

ಸ್ಕಾಟ್‌ಲ್ಯಾಂಡಿನ ರೈನಿ ಎಂಬ ಊರಿನ ಕಲ್ಲಿನಲ್ಲಿ ಸುಗ್ಗಿಯವನ ಪಳೆಯುಳಿಕೆ ಸಿಕ್ಕಿದೆ. ಸುಮಾರು 41 ಕೋಟಿ ವರ್ಷ ಹಳೆಯದು. ಅದರೊಳಗಿನ ಉಸಿರಾಟದ ಸಣ್ಣ ಕೊಳವೆಗಳು ಕೂಡ ಕಲ್ಲಿನಲ್ಲಿ ಉಳಿದಿವೆ. ವಿಶೇಷವೆಂದರೆ, ಆಗಲೇ ಅದಕ್ಕೆ ಉದ್ದ ಕಾಲಿತ್ತು. ನೋಡಲು ಬಹುತೇಕ ಇವತ್ತಿನ ಹಾಗೆಯೇ ಇತ್ತು.

ನಾವು ಒಂದು ಲೆಕ್ಕ ಹಾಕಿದೆವು. ಲಾಲ್‌ಬಾಗ್ ಬಂಡೆಯ ಕಥೆ 300 ಪುಟದ ಪುಸ್ತಕ, ಪುಟಕ್ಕೆ ಒಂದು ಕೋಟಿ ವರ್ಷ ಎಂದಿಟ್ಟುಕೊಳ್ಳಿ. ಮೊದಲ 250 ಪುಟ ತಿರುವಿದರೂ ನಮ್ಮ ಹುಳದ ಸುದ್ದಿಯಿಲ್ಲ. 260ನೇ ಪುಟದ ಆಸುಪಾಸಿನಲ್ಲಿ ಸ್ಕಾಟ್‌ಲ್ಯಾಂಡಿನ ಸುಗ್ಗಿಯವನು ಕಾಲಿಡುತ್ತಾನೆ. ಡೈನೋಸಾರ್‌ಗಳು ಆಮೇಲೆ ಬಂದು, ಕೊನೆಯ ಏಳು ಪುಟ ಉಳಿದಿರುವಾಗ ಹೊರಟುಹೋಗುತ್ತವೆ. ನಮ್ಮಂಥ ಮನುಷ್ಯರು ಸುಮಾರು ಮೂರು ಲಕ್ಷ ವರ್ಷದವರು; ಕೊನೆಯ ಪುಟದ ಕೊನೆಯ ಸಾಲಿನಲ್ಲಿ ಬರುತ್ತೇವೆ.

“ಕೆಂಪೇಗೌಡರು?”

“1537. ಕೊನೆಯ ಪೂರ್ಣವಿರಾಮದ ಚುಕ್ಕೆಯೊಳಗೆ.”

“ನಿನ್ನ ಟ್ರಂಕು?”

ಆ ಪ್ರಶ್ನೆಗೆ ಇಬ್ಬರೂ ನಕ್ಕೆವು. ಅವಳು ನನ್ನ ಮೇಲಿನ ಮುನಿಸು ಬಿಟ್ಟದ್ದು ಆ ಬಂಡೆಯ ಮೇಲೆ.

ಮನೆತನಗಳ ಲೆಕ್ಕ

ಸುಗ್ಗಿಯವರಲ್ಲಿ 6,500ಕ್ಕೂ ಹೆಚ್ಚು ಪ್ರಭೇದಗಳಿವೆ. ಇವನ್ನೆಲ್ಲ ನಾಲ್ಕು ದೊಡ್ಡ ಕವಲುಗಳಾಗಿ ವಿಂಗಡಿಸಿದ್ದಾರೆ. ಒಂದು ಕವಲಿನವು ಎಷ್ಟು ಚಿಕ್ಕವೆಂದರೆ ಮಣ್ಣಿನ ನುಸಿಯಂತೆ ಕಾಣುತ್ತವೆ. ಇನ್ನೊಂದು ಕವಲಿನವಕ್ಕೆ ಬಾಯಿಯ ಪಕ್ಕದ ಕೈಗಳಲ್ಲಿ ಮುಳ್ಳು. ಹೆಚ್ಚಿನ ಪ್ರಭೇದಗಳು ಈ ಕವಲಿನವೇ. ಅದರಲ್ಲಿ ನಮ್ಮ ದೇಶದ ಹೆಸರು ಹೊತ್ತ ಕುಟುಂಬವೊಂದಿದೆ: ‘ಅಸ್ಸಾಮಿಡೇ’. ಹೌದು, ಅಸ್ಸಾಮಿನಿಂದಲೇ ಬಂದ ಹೆಸರು. ಆದರೆ ಆ ಕುಟುಂಬದವರು ಆಫ್ರಿಕಾದಲ್ಲೂ ಇದ್ದಾರೆ. ಇದೇ ಕವಲಿನ ಕೆಲವು ಪ್ರಭೇದಗಳಲ್ಲಿ ಮೊಟ್ಟೆ ಕಾಯುವವನು ಅಪ್ಪ. ಇದನ್ನು ಮೊಮ್ಮಗಳು ಅವಳಪ್ಪನಿಗೆ ಎರಡು ಸಲ ಓದಿ ಹೇಳಿದಳು.

ನಮ್ಮ ಮಲೆನಾಡಿನ ಉದ್ದಕಾಲಿನವರು ಬೇರೆ ಕವಲು. ಅವರ ಕುಟುಂಬದ ಹೆಸರು ‘ಸ್ಕ್ಲೀರೋಸೊಮ್ಯಾಟಿಡೇ’. ಸಾವಿರಕ್ಕೂ ಮೀರಿದ ಪ್ರಭೇದಗಳಿರುವ, ಸುಗ್ಗಿಯವರಲ್ಲೇ ಅತಿ ದೊಡ್ಡ ಮನೆತನ. ಏಷ್ಯಾ, ಯುರೋಪ್, ಉತ್ತರ ಆಫ್ರಿಕಾ, ಎರಡೂ ಅಮೆರಿಕಗಳು, ಎಲ್ಲ ಕಡೆ ಇವರ ಬಿಡಾರ. ಅದರೊಳಗೆ ‘ಗ್ಯಾಗ್ರೆಲ್ಲಾ’ ಎಂಬ ಒಂದು ಬಳಗವುಂಟು. ಬೆನ್ನಿನ ಮೇಲೆ ಗುಲಾಬಿ ಮುಳ್ಳಿನಂತೆ ನೆಟ್ಟಗೆ ನಿಂತ ಒಂದು ಮುಳ್ಳು ಅದರ ಗುರುತು.

ಗ್ಯಾಗ್ರೆಲ್ಲಾ ಎಂದು ಹೆಸರಿಟ್ಟವರ ಕಥೆ ಕೇಳಿ. ಅವರು ಫರ್ಡಿನೆಂಡ್ ಸ್ಟೋಲಿಚ್ಕಾ. ಇಂದಿನ ಚೆಕ್ ದೇಶದವರು, ಹುಟ್ಟಿದ್ದು 1838ರಲ್ಲಿ. ಕೆಲಸ ನಮ್ಮ ಭೂವೈಜ್ಞಾನಿಕ ಸರ್ವೇಕ್ಷಣದಲ್ಲೇ, ಕಲ್ಕತ್ತೆಯಲ್ಲಿ. ತಿರುಚಿರಾಪಳ್ಳಿ ಕಡೆಯ ಕಲ್ಲಿನಲ್ಲಿ ಸಿಕ್ಕಿದ ಶಂಖ ಚಿಪ್ಪುಗಳ ಪಳೆಯುಳಿಕೆಗಳನ್ನು ವಿವರಿಸಿ ದೊಡ್ಡ ಗ್ರಂಥಗಳನ್ನು ಬರೆದವರು. ಕಲ್ಲು ನೋಡುವ ಕಣ್ಣಿನಲ್ಲೇ ಹುಳವನ್ನೂ ನೋಡಿದರು; 1869ರಲ್ಲಿ ಭಾರತದ ಎಂಟುಕಾಲಿನವುಗಳ ಬಗ್ಗೆ ಬರೆದ ಲೇಖನದಲ್ಲಿ ಈ ಹೆಸರಿಟ್ಟರು. 1874ರಲ್ಲಿ ಯಾರ್ಕಂದಿನ ಯಾತ್ರೆಯಿಂದ ಮರಳುವಾಗ ಲಡಾಖಿನ ಎತ್ತರದಲ್ಲಿ ಉಸಿರು ಸಾಲದೆ ತೀರಿಕೊಂಡರು. ಆಗ ಅವರಿಗೆ 36 ವರ್ಷ. ಲೇಹ್‌ನಲ್ಲಿ ಅವರ ಸ್ಮಾರಕವಿದೆ. “ಮೂವತ್ತಾರಾ? ನಮ್ಮಪ್ಪನಷ್ಟೇ!” ಎಂದು ಮೊಮ್ಮಗಳು ಸುಮ್ಮನಾದಳು.

ಅವರ ನಂತರ ಜರ್ಮನಿಯ ರೋವರ್ ಎಂಬುವರು ಜಗತ್ತಿನ ಸುಗ್ಗಿಯವರನ್ನೆಲ್ಲ ಸೇರಿಸಿ 1923ರಲ್ಲಿ ಸಾವಿರ ಪುಟ ಮೀರಿದ ಗ್ರಂಥ ತಂದರು. ಬೆನ್ನಿನ ಮುಳ್ಳೆಷ್ಟು, ಕಾಲಿನ ಗಿಣ್ಣೆಷ್ಟು ಎಂದು ಎಣಿಸಿ ಬಳಗ ಬೇರೆ ಮಾಡಿದರು. ಆದರೆ ಅದರಲ್ಲೊಂದು ತೊಡಕು. ಮದುವೆಮನೆಯಲ್ಲಿ ನೆಂಟರನ್ನು ಮೀಸೆ ನೋಡಿ ವಿಂಗಡಿಸಿದರೆ ಏನಾಗುತ್ತದೆ? ಮೀಸೆ ಬಿಟ್ಟ ಅಣ್ಣ ಒಂದು ಮನೆತನ, ಮೀಸೆ ತೆಗೆದ ತಮ್ಮ ಇನ್ನೊಂದು ಮನೆತನ! ಯಾರದೋ ಮನೆಯ ಮೀಸೆಯವರು ನಮ್ಮ ಪಂಕ್ತಿಗೆ ಬಂದು ಕೂರುತ್ತಾರೆ. ರೋವರ್ ಅವರ ವಿಂಗಡಣೆಯಲ್ಲಿ ಇಂಥ ಎಡವಟ್ಟುಗಳು ಆಗಿದ್ದವೆಂದು ನಂತರದವರು ಕಂಡುಕೊಂಡರು. ಈಗ ಜೀವಕೋಶದ ಡಿಎನ್‌ಎ ನೋಡಿ ನಿಜವಾದ ನೆಂಟಸ್ತಿಕೆ ಹುಡುಕುತ್ತಿದ್ದಾರೆ; ಸ್ಕ್ಲೀರೋಸೊಮ್ಯಾಟಿಡೇ ಮನೆತನದ ಪಾಲುಪಟ್ಟಿ ಇನ್ನೂ ಮುಗಿದಿಲ್ಲ.

ಇದನ್ನು ಓದಿದ ದಿನ ಮೊಮ್ಮಗಳೇ ಹೇಳಿದಳು: “ನೀನು ಕಾಲು ನೋಡಿದೆ, ಅವರು ಮುಳ್ಳು ನೋಡಿದರು. ಒಂದೇ ನೋಡಿದ್ರೆ ತಪ್ಪಾಗುತ್ತೆ, ಅಲ್ವಾ ಅಜ್ಜಿ?”

ತುರಹಳ್ಳಿಯಿಂದ ಮಡಿವಾಳದವರೆಗೆ

ಎರಡನೇ ಭಾನುವಾರ ಜಯನಗರದಲ್ಲಿ ಮೆಟ್ರೊ ಹತ್ತಿದೆವು. ಆರ್.ವಿ. ರೋಡು, ಬನಶಂಕರಿ, ಜೆ.ಪಿ. ನಗರ, ಯಲಚೇನಹಳ್ಳಿ ದಾಟಿ ವಾಜರಹಳ್ಳಿಯಲ್ಲಿಳಿದು ಆಟೋದಲ್ಲಿ ತುರಹಳ್ಳಿ ಕಾಡಿಗೆ. ನಾನು ಮದುವೆಯಾಗಿ ಬಂದಾಗ ಬನಶಂಕರಿ ದೇವಸ್ಥಾನದಿಂದ ಆಚೆ ಹೊಲ, ಹುಣಸೆಮರ, ಎತ್ತಿನಗಾಡಿ. ಬನದ ಶಂಕರಿ ಎಂಬ ಹೆಸರಿನ ತಾಯಿಯ ಸುತ್ತ ಈಗ ಬಸ್‌ಸ್ಟ್ಯಾಂಡು, ಮೇಲುಸೇತುವೆ, ಮೆಟ್ರೊ. ಬನ ಹುಡುಕಬೇಕಾದರೆ ತುರಹಳ್ಳಿಗೆ ಬರಬೇಕು.

ಹಿಂದಿನ ಸಂಜೆ ಮೊದಲ ಮಳೆ ಬಿದ್ದಿತ್ತು. ಕುರುಚಲು ಗಿಡ, ಮುಳ್ಳು, ನಡುನಡುವೆ ದೊಡ್ಡ ಬಂಡೆಗಳು. ಮಣ್ಣಿನ ಮೇಲೆ ಕೆಂಪು ಮಖಮಲ್ಲಿನ ಗುಂಡಿಯಂಥ ಪುಟ್ಟ ಜೀವಗಳು ಓಡಾಡುತ್ತಿದ್ದವು. ಮೊಮ್ಮಗಳು ಎಣಿಸಿ, “ಎಂಟು ಕಾಲು! ಇದೂ ಅದೇ ಬಳಗ!” ಎಂದು ಕುಣಿದಳು. ನಿಜ, ಅವು ಮಖಮಲ್ ನುಸಿಗಳು. ಮುಳ್ಳುಗಿಡದ ಕೊಂಬೆಯಲ್ಲಿ ಕೊಳೆ ಬಟ್ಟೆಯ ಗಂಟಿನಂಥ ಬಲೆ. ಒಟ್ಟಾಗಿ ಸಂಸಾರ ಮಾಡುವ ಸಂಘಜೀವಿ ಜೇಡಗಳ ಮನೆ. ಕಲ್ಲಿನ ಸಂದಿನಲ್ಲಿ ಬಚ್ಚಲಿನ ಬಾಡಿಗೆದಾರನ ನೆಂಟರೂ ಇದ್ದರು. ಸುಗ್ಗಿಯವನು ಮಾತ್ರ ನಮಗೆ ಸಿಗಲಿಲ್ಲ.

ಮೂರನೇ ಭಾನುವಾರ ಜೆ.ಪಿ. ನಗರದ ಪುಟ್ಟೇನಹಳ್ಳಿ ಕೆರೆ. ಸುತ್ತಲಿನ ಜನರೇ ಕೈಜೋಡಿಸಿ ಬದುಕಿಸಿಕೊಂಡ ಕೆರೆ ಅದು. ಜೊಂಡಿನಲ್ಲಿ ನೇರಳೆ ಜಂಬುಕೋಳಿ ನಡೆದಾಡುತ್ತಿತ್ತು. ಅಲ್ಲಿಂದ ಬಿ.ಟಿ.ಎಂ. ಲೇಔಟಿನ ಪಕ್ಕದ ಮಡಿವಾಳ ಕೆರೆ. ಬಿ.ಟಿ.ಎಂ. ಎಂದರೆ ಬೈರಸಂದ್ರ, ತಾವರೆಕೆರೆ, ಮಡಿವಾಳ. ಮೂರು ಊರಿನ ಹೆಸರು ಮೂರಕ್ಷರವಾಗಿದೆ ಎಂದಾಗ ಮೊಮ್ಮಗಳಿಗೆ ಆಶ್ಚರ್ಯ. ಅಲ್ಲೂ ಹುಡುಕಿದೆವು. ಇಲ್ಲ.

“ಜೇಡ ಎಲ್ಲಾ ಕಡೆ ಇದೆ. ಇವನು ಯಾಕಿಲ್ಲ?”

ಒಳ್ಳೆಯ ಪ್ರಶ್ನೆ. ಜೇಡದ ಮರಿ ಎತ್ತರಕ್ಕೆ ಹತ್ತಿ, ನೂಲು ಬಿಟ್ಟು, ಗಾಳಿಯಲ್ಲಿ ತೇಲಿ ಹೋಗಬಲ್ಲದು. 1832ರಲ್ಲಿ ದಕ್ಷಿಣ ಅಮೆರಿಕದ ದಡದಿಂದ ಅರವತ್ತು ಮೈಲಿ ದೂರದ ಸಮುದ್ರದಲ್ಲಿ ಡಾರ್ವಿನ್ ಅವರ ಹಡಗಿನ ಹಗ್ಗಗಳ ಮೇಲೆ ಹೀಗೆ ಸಾವಿರಾರು ಪುಟ್ಟ ಜೇಡಗಳು ಬಂದಿಳಿದಿದ್ದವು. ಮನೆಜೇಡವಂತೂ ನಮ್ಮ ಪೆಟ್ಟಿಗೆ, ಪೀಠೋಪಕರಣಗಳ ಜೊತೆ ಊರೂರು ಸುತ್ತುತ್ತದೆ. ಸುಗ್ಗಿಯವನಿಗೆ ನೂಲಿಲ್ಲ, ರೆಕ್ಕೆಯಿಲ್ಲ. ನಡೆದೇ ಹೋಗಬೇಕು. ಮೈಯ ನೀರು ಬೇಗ ಆರಿಹೋಗುವುದರಿಂದ ಹೆಚ್ಚಿನವರು ತೇವ ಬಿಟ್ಟು ದೂರ ಹೋಗಲಾರರು. ಬೆಟ್ಟದ ತಂಪು ಕಾಡಿನಿಂದ ಇನ್ನೊಂದು ಬೆಟ್ಟದ ತಂಪು ಕಾಡಿಗೆ ನಡುವೆ ಒಣ ಬಯಲು ಬಂದರೆ ಅಲ್ಲೇ ನಿಂತರು. ಹೀಗೆ ಒಂದೊಂದು ಬೆಟ್ಟದವರು ಒಂದೊಂದು ಪ್ರಭೇದವಾದರು.

ಮಣ್ಣಿನ ನುಸಿಯಂಥ ಆ ಮೊದಲ ಕವಲಿನಲ್ಲಿ ‘ಪೆಟ್ಟಾಲಿಡೇ’ ಎಂಬ ಕುಟುಂಬವಿದೆ. ಅದರವರು ಇರುವ ಊರುಗಳ ಪಟ್ಟಿ ನೋಡಿ: ಚಿಲಿ, ದಕ್ಷಿಣ ಆಫ್ರಿಕಾ, ಮಡಗಾಸ್ಕರ್, ಶ್ರೀಲಂಕಾ, ಆಸ್ಟ್ರೇಲಿಯಾ, ನ್ಯೂಜಿಲೆಂಡ್. ಅಕ್ಕಿಕಾಳಿಗಿಂತ ಚಿಕ್ಕ ಹುಳ, ಈಜಲಾರದು, ಹಾರಲಾರದು. ಇಷ್ಟು ಸಮುದ್ರ ಹೇಗೆ ದಾಟಿತು? ದಾಟಲೇ ಇಲ್ಲ! ಒಂದು ಕಾಲಕ್ಕೆ ಈ ನೆಲಗಳೆಲ್ಲ ಸೇರಿ ಗೊಂಡ್ವಾನ ಎಂಬ ಒಂದೇ ಭೂಖಂಡವಾಗಿದ್ದವು. ನಮ್ಮ ಲಾಲ್‌ಬಾಗಿನ ಬಂಡೆಯೂ ಅದರ ಭಾಗ. ನೆಲ ಒಡೆದು ದೂರ ಸರಿಯಿತು. ಹುಳ ಕೂತಲ್ಲೇ ಕೂತು ಪ್ರಯಾಣ ಮಾಡಿತು. ಗೊಂಡ್ವಾನ ಎಂಬ ಹೆಸರು ಬಂದದ್ದೂ ನಮ್ಮ ಮಧ್ಯಭಾರತದ ಗೊಂಡರ ನಾಡಿನಿಂದಲೇ.

ನಗರದ ಮಾತು ಬೇರೆ. ನಾವು ಎಲೆ ಬಿದ್ದ ಕೂಡಲೇ ಗುಡಿಸುತ್ತೇವೆ, ಅಂಗಳಕ್ಕೆ ಟೈಲ್ಸ್ ಹಾಕುತ್ತೇವೆ, ಮರದ ಬುಡಕ್ಕೂ ಸಿಮೆಂಟು ಬಳಿಯುತ್ತೇವೆ. ಕೊಳೆತ ಎಲೆಯಿಲ್ಲದೆ, ತೇವವಿಲ್ಲದೆ, ನಡೆದೇ ಬರಬೇಕಾದವನು ಎಲ್ಲಿಂದ ಬರುತ್ತಾನೆ? ನನ್ನ ಟ್ರಂಕಿನಲ್ಲಿ ಬಂದಿದ್ದರೂ ವಾರ ಬದುಕುತ್ತಿರಲಿಲ್ಲವೇನೋ.

ಆಷಾಢದ ಮಳೆಯಲ್ಲಿ

ಆಷಾಢದಲ್ಲಿ ತಮ್ಮ ಫೋನ್ ಮಾಡಿ, “ಅಕ್ಕಾ, ಹಳೇ ಬಚ್ಚಲುಮನೆ ಬೀಳ್ತಾ ಇದೆ. ಮಳೆ ಮುಗಿದ ಮೇಲೆ ತೆಗೆಸ್ತೀನಿ. ಒಂದ್ಸಲ ಬಂದು ಹೋಗು” ಎಂದ. ನಾನೂ ಮೊಮ್ಮಗಳೂ ರಾತ್ರಿ ಬಸ್ಸು ಹತ್ತಿದೆವು.

ಎರಡು ದಿನ ಬಿಡದೆ ಸುರಿಯಿತು. ಮೂರನೆಯ ದಿನ ಸ್ವಲ್ಪ ಹೊಳವಾದಾಗ ಬಚ್ಚಲುಮನೆಗೆ ಹೋದೆವು. ಈಗ ಸ್ನಾನ ಮಾಡುವುದು ಮನೆಯೊಳಗೇ. ಇಲ್ಲಿ ಅಡಿಕೆ ಹಾಳೆ, ಸೌದೆ ತುಂಬಿದೆ. ಟಾರ್ಚ್ ಬಿಟ್ಟೆ. ಹಂಡೆಯ ಹಿಂದಿನ ಕಲ್ಲುಗೋಡೆಯಲ್ಲಿ, ಐವತ್ತು ವರ್ಷದ ಹಿಂದೆ ಇದ್ದ ಜಾಗದಲ್ಲೇ, ಕಪ್ಪು ಕೂದಲಿನ ಗಂಟು.

“ಅಜ್ಜಿ! ಇವನೇ!”

ಇಡೀ ಗಂಟು ಜೀಕತೊಡಗಿತು. ಒಂದೇ ಉಂಡೆಯ ಮೈ, ಸೊಂಟವಿಲ್ಲ, ಬಲೆಯಿಲ್ಲ. ಎರಡನೇ ಜೋಡಿ ಕಾಲು ಎಲ್ಲಕ್ಕಿಂತ ಉದ್ದ. ಕುರುಡರು ಕೋಲಿನಲ್ಲಿ ತಡವುವ ಹಾಗೆ ಅದರಲ್ಲಿ ಸುತ್ತ ತಡವುತ್ತಿದ್ದವು. ಭೂತಗನ್ನಡಿ ಹಿಡಿದಾಗ ಬೆನ್ನಿನ ಮುಳ್ಳೂ ಕಂಡಿತು. ಮೊಮ್ಮಗಳು ಉಸಿರು ಬಿಗಿಹಿಡಿದು ಕೈ ಚಾಚಿ, ಅಂಚಿನಲ್ಲಿದ್ದ ಒಂದರ ಕಾಲನ್ನು ಮೆಲ್ಲನೆ ಹಿಡಿದಳು. ಅದು ಓಡಿಹೋಯಿತು. ಕಾಲು ಅವಳ ಬೆರಳುಗಳ ನಡುವೆಯೇ ಉಳಿಯಿತು. ಒಂಟಿ ಕಾಲು ಟಿಕಟಿಕ ಎಂದು ಮಡಚಿ ಬಿಚ್ಚುತ್ತಿತ್ತು.

ಅವಳ ಮುಖ ಬಿಳಚಿಕೊಂಡಿತು. “ನಾನು ಎಳೀಲಿಲ್ಲ ಅಜ್ಜಿ. ಸುಮ್ಮನೆ ಹಿಡಿದೆ.”

“ಅದೇ ಬಿಟ್ಟುಹೋಯಿತು ಪುಟ್ಟಿ. ಶತ್ರು ಅಲ್ಲಾಡುವ ಕಾಲನ್ನು ನೋಡುತ್ತ ನಿಂತಾಗ ತಾನು ತಪ್ಪಿಸಿಕೊಳ್ಳಲಿ ಅಂತ.”

“ಹಲ್ಲಿ ಬಾಲದ ಥರ ಮತ್ತೆ ಬೆಳೆಯುತ್ತಾ?”

ಸುಳ್ಳು ಹೇಳಬಹುದಿತ್ತು. ಹೇಳಿದ್ದರೆ ಅವಳು ಆ ರಾತ್ರಿ ನೆಮ್ಮದಿಯಾಗಿ ನಿದ್ದೆ ಮಾಡುತ್ತಿದ್ದಳು. ಆದರೆ ಟ್ರಂಕಿನ ಕಥೆ ನೆನಪಾಯಿತು. “ಇಲ್ಲ. ಇವನಿಗೆ ಬೆಳೆಯುವುದಿಲ್ಲ. ಇದ್ದಷ್ಟು ಕಾಲಿನಲ್ಲೇ ಬದುಕುತ್ತಾನೆ” ಎಂದೆ.

ಅವಳು ಅಳಲಿಲ್ಲ. ಟಾರ್ಚ್ ಹಿಡಿದು ಗಂಟಿನ ಒಂದೊಂದನ್ನೂ ಎಣಿಸತೊಡಗಿದಳು. “ಇದಕ್ಕೆ ಏಳೇ ಇದೆ. ಇದಕ್ಕೂ ಏಳು. ಅಜ್ಜಿ, ಇದಕ್ಕೆ ಆರು!”

ಆಗ ನಾನು ಯಾರಿಗೂ ಹೇಳದ ಮಾತೊಂದನ್ನು ಹೇಳಿದೆ. ಅವಳ ವಯಸ್ಸಿನಲ್ಲಿ ನಾನೂ ತಮ್ಮನೂ ಇದೇ ಗೋಡೆಯ ಮುಂದೆ ಕೂತು ಪಂದ್ಯ ಕಟ್ಟುತ್ತಿದ್ದೆವು. ಒಬ್ಬೊಬ್ಬರು ಒಂದೊಂದು ಕಾಲು ಕೀಳುವುದು. ಯಾರ ಕಾಲು ಹೆಚ್ಚು ಹೊತ್ತು ಅಲ್ಲಾಡುತ್ತದೋ ಅವರು ಗೆದ್ದರು. ಮಳೆಗಾಲ ಪೂರ್ತಿ ಅದೇ ಆಟ. ಮತ್ತೆ ಬೆಳೆಯುತ್ತದೆ ಎಂದುಕೊಂಡಿದ್ದೆವು. ನಿಜವಾಗಿ ಹೇಳಬೇಕೆಂದರೆ, ಏನೂ ಅಂದುಕೊಂಡಿರಲಿಲ್ಲ.

ಮೊಮ್ಮಗಳು ನನ್ನನ್ನು ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ಹೊರಗೆ ಹೋಗಿ, “ಚಿಕ್ಕಜ್ಜ, ಈ ಗೋಡೆ ಒಂದು ಕೆಡವಬೇಡಿ. ಬೇರೆ ಏನು ಬೇಕಾದ್ರೂ ಕೆಡವಿ” ಎಂದು ತಮ್ಮನ ಕೈ ಹಿಡಿದು ಕೇಳಿದಳು. ತಮ್ಮ ನನ್ನ ಮುಖ ನೋಡಿದ. ಅವನಿಗೂ ಪಂದ್ಯದ ನೆನಪು ಬಂದಿರಬೇಕು. “ಆಯ್ತು ಪುಟ್ಟಿ, ಹಂಡೆ ಹಿಂದಿನ ಗೋಡೆ ಇರಲಿ. ಮೇಲೊಂದು ಮಾಡು ಇಳಿಸ್ತೀನಿ” ಎಂದ.

ಮತ್ತೆ ಜಯನಗರ

ಶಾಲೆಯಲ್ಲಿ ಆ ಹುಡುಗನ ಹತ್ತಿರ ಇವಳೇ ಹೋಗಿ, “ನೀನು ಹೇಳಿದ್ದೇ ಸರಿ. ನಮ್ಮಜ್ಜಿಗೆ ತಪ್ಪಾಗಿತ್ತು. ಆಮೇಲೆ ನಾವು ಹುಡುಕಿದೆವು” ಎಂದಳಂತೆ. ಈಗ ಅವರಿಬ್ಬರೂ ಸ್ನೇಹಿತರು. ಭೂತಗನ್ನಡಿ ಅವನ ಮನೆಯಲ್ಲಿ ಒಂದು ವಾರ, ನಮ್ಮ ಮನೆಯಲ್ಲಿ ಒಂದು ವಾರ.

ಹಿತ್ತಲಿನ ಸಂಪಿಗೆ ಮರದ ಕೆಳಗೆ ಒಂದು ಮೂಲೆಯಲ್ಲಿ ನಾವೀಗ ಎಲೆ ಗುಡಿಸುವುದಿಲ್ಲ. ಸುಗ್ಗಿಯವನು ಅಲ್ಲಿಗೆ ನಡೆದು ಬರುತ್ತಾನೆಂದಲ್ಲ. ಎರೆಹುಳ, ಸಹಸ್ರಪದಿ, ಒಂದು ಕಪ್ಪೆ ಆಗಲೇ ಬಂದು ಸೇರಿವೆ.

ಗೌರಿ ಹಬ್ಬಕ್ಕೆ ಮುಂಚೆ ಮನೆಯೆಲ್ಲ ಇಲ್ಲಣ ಹೊಡೆಯುವಾ­ಗ ಉದ್ದ ಕೋಲಿನ ಪೊರಕೆ ಹಿಡಿದು ಬಚ್ಚಲಿಗೆ ಬಂದೆ. ಮೊಮ್ಮಗಳು ಸ್ಟೂಲಿನ ಮೇಲೆ ನಿಂತು ಕೈ ಅಡ್ಡ ಹಿಡಿದಳು. ಬಾಡಿಗೆದಾರನಲ್ಲ, ಬಾಡಿಗೆದಾರಳು! ಬಾಯಲ್ಲಿ ಮೊಟ್ಟೆಗಳ ಪುಟ್ಟ ಉಂಡೆಯನ್ನು ಕಚ್ಚಿಕೊಂಡು ನೇತಾಡುತ್ತಿದ್ದಳು. ಈ ಜೇಡಗಳಲ್ಲಿ ತಾಯಿ ಮರಿಯಾಗುವವರೆಗೆ ಮೊಟ್ಟೆಗಳನ್ನು ಹೀಗೇ ಹೊತ್ತಿರುತ್ತಾಳೆ.

“ಇವಳು ಎಲ್ಲಿಂದ ಬಂದಳು ಅಂತ ನಾಳೆ ಯಾರಾದ್ರೂ ಕೇಳಿದ್ರೆ ಏನು ಹೇಳಲಿ ಅಜ್ಜಿ?”

“ಇಲ್ಲಿಯವಳೇ ಅಂತ ಹೇಳು” ಎಂದೆ. ಆ ಮೂಲೆಯೊಂದನ್ನು ಬಿಟ್ಟು ಉಳಿದ ಮನೆ ಗುಡಿಸಿದೆವು.